ಬ್ರೇಕಿಗೆ ಕುಂಕುಮ ಹಚ್ಚಿದ ಪ್ರಸಂಗ

ಸೈಕಲ್ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಗದಗ ಜಿಲ್ಲೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನು. ನಮ್ಮೂರಿನಿಂದ ಶಾಲೆಗೆ ಹೋಗುವ ರಸ್ತೆಗೆ ಖಡಿ ಸುರಿದ ಗುತ್ತಿಗೆದಾರರು ಡಾಂಬರು ಹಾಕುವುದನ್ನು ಮರೆತು ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಆ ಖಡಿಯ ಮೇಲೆಯೇ ಮೂರು ವರ್ಷ ಸೈಕಲ್ ಹೊಡೆದೆ. ಆಗ ನಾವು ಅದನ್ನು ಹಣೆಬರಹ ಎನ್ನುತ್ತಿದ್ದೆವು. ನ್ಯೂಜಿಲೆಂಡಿಗೆ ಬಂದ ಮೇಲೆ ತಿಳಿಯಿತು, ಅದರ ಹೆಸರು ಗ್ರಾವೆಲ್ ಬೈಕಿಂಗ್. ಇಲ್ಲಿ ಅದಕ್ಕೆಂದೇ ಬೇರೆ ಸೈಕಲ್, ಬೇರೆ ಬೂಟು, ಬೇರೆ ಚಡ್ಡಿ ಇವೆ. ಚಡ್ಡಿಯೊಳಗೆ ಒಂದು ದಿಂಬೂ ಇದೆ.

ಆದರೆ ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದರೂ ನಾನು ಸೈಕಲ್ ಮುಟ್ಟಿರಲಿಲ್ಲ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಅಂಗಡಿಗೆ ಹಾಲು ತರಲು ಕೂಡ ಕಾರಿನಲ್ಲೇ ಹೋಗುತ್ತೇನೆ. ಇದನ್ನೆಲ್ಲ ನೋಡುತ್ತಲೇ ನನ್ನ ಮಗಳು ಅನನ್ಯಾ ಬೆಳೆದಿದ್ದಾಳೆ. ಅವಳಿಗೀಗ ಹದಿನಾಲ್ಕು. ಕಳೆದ ಡಿಸೆಂಬರಿನಲ್ಲಿ ಅವಳ ಶಾಲೆಯಿಂದ ಸೈಕಲ್ ಕ್ಯಾಂಪಿನ ಫಾರ್ಮ್ ಬಂತು. ಪ್ರತಿ ಗುಂಪಿನ ಜೊತೆ ಒಬ್ಬ ಪಾಲಕರು ಸೈಕಲ್ ಹೊಡೆಯಬೇಕು, ಅವರ ಹೆಸರು ಬರೆಯಿರಿ ಎಂದಿತ್ತು. ಅನನ್ಯಾ ಆ ಜಾಗದಲ್ಲಿ ತನ್ನ ಗೆಳತಿಯ ಅಪ್ಪ ಕ್ರೇಗ್‌ನ ಹೆಸರು ಬರೆದಿದ್ದಳು.

"ನನ್ನ ಹೆಸರು ಯಾಕ ಬರ್ದಿಲ್ಲವಾ?" ಎಂದೆ.

"ಅಪ್ಪಾ, ಯು ಡೋಂಟ್ ಡು ಔಟ್‌ಡೋರ್ಸ್," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಹೊರಗೆ ಮೋಡ ಆಗಿದೆ ಎಂದು ಹೇಳುವ ಹಾಗೆ ಹೇಳಿದಳು. ಅದೇ ಚುಚ್ಚಿತು. ಅಪ್ಪ ಇರಬೇಕಾದ ಜಾಗದಲ್ಲಿ ಕ್ರೇಗ್! ಮನುಷ್ಯ ಒಳ್ಳೆಯವನೇ, ಆದರೆ ಜನವರಿಯಿಂದ ಡಿಸೆಂಬರಿನವರೆಗೆ ಚಡ್ಡಿಯಲ್ಲೇ ಇರುತ್ತಾನೆ.

ಅಲ್ಲಿಯೇ ಒಪ್ಪಂದವಾಯಿತು. ರಜೆಯಲ್ಲಿ ದಕ್ಷಿಣ ದ್ವೀಪಕ್ಕೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ಅಲ್ಲಿ ಸದರ್ನ್ ಆಲ್ಪ್ಸ್ ಪರ್ವತಗಳ ನಡುವಿನ ಒಂದು ಕಣಿವೆಯಲ್ಲಿ ಇಪ್ಪತ್ತೆರಡು ಕಿಲೋಮೀಟರ್ ಖಡಿ ದಾರಿ ಇದೆ. ಕಾರು, ಲಾರಿ ಯಾವುದಕ್ಕೂ ಪ್ರವೇಶವಿಲ್ಲ. ಅದನ್ನು ನಾನು ಎಲ್ಲಿಯೂ ಸೈಕಲ್ ತಳ್ಳದೆ, ಯಾರ ಗಾಡಿಯನ್ನೂ ಹತ್ತದೆ ಮುಗಿಸಿದರೆ ಕ್ರೇಗ್‌ನ ಹೆಸರು ಅಳಿಸಿ ನನ್ನ ಹೆಸರು ಬರೆಯಬೇಕು. ಸೋತರೆ ನಾನು ಕ್ಯಾಂಪಿನ ಹೆಸರೆತ್ತಬಾರದು. ನನ್ನ ಹೆಂಡತಿ ಸುಮಂಗಲಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಅವಳು ಬ್ಯಾಂಡೇಜಿನ ಪೆಟ್ಟಿಗೆಯನ್ನು ಸೂಟ್‌ಕೇಸಿನಲ್ಲಿಟ್ಟಳು.

ಜನವರಿಯ ಒಂದು ಬೆಳಿಗ್ಗೆ ಸೈಕಲ್ ಬಾಡಿಗೆ ಕೊಡುವ ಜೂಡಿ ಎಂಬ ಅಜ್ಜಿ ನಮ್ಮನ್ನೂ ಮೂರು ಸೈಕಲ್‌ಗಳನ್ನೂ ತನ್ನ ವ್ಯಾನಿನಲ್ಲಿ ತಂದು ದಾರಿಯ ಆರಂಭದಲ್ಲಿ ಇಳಿಸಿದಳು. "ಮೊದಲರ್ಧ ಸಪಾಟು, ಆಮೇಲೆ ಉದ್ದ ಇಳಿಜಾರು. ಇಳಿಯುವ ಮೊದಲು ನಿಂತು ಬ್ರೇಕ್ ಪರೀಕ್ಷೆ ಮಾಡಿ," ಎಂದಳು. ಗದಗಿನವನಿಗೆ ಹೇಳುವ ಮಾತೇ ಇದು? ದೊಡ್ಡ ಮನಸ್ಸು ಮಾಡಿ ತಲೆ ಆಡಿಸಿದೆ. ವ್ಯಾನು ಮರೆಯಾದ ಕೂಡಲೇ ಚೀಲದಿಂದ ಮೂರು ನಿಂಬೆಹಣ್ಣು ತೆಗೆದೆ.

"ಬಾಡಿಗಿ ಸೈಕಲ್ಲಿಗೂ ಪೂಜಾ ಮಾಡ್ತಾರೇನ್ರೀ?" ಎಂದಳು ಸುಮಂಗಲಾ.

"ಗಾಲಿ ಇದ್ದದ್ದಕ್ಕೆಲ್ಲಾ ಮಾಡ್ತಾರ."

ಇಲ್ಲಿ ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ಪೆನ್‌ರೋಸ್‌ನ ಒಂದು ಗೋದಾಮಿನಲ್ಲಿ ನಾನು ಮೇಲ್ವಿಚಾರಕ. ಪ್ರತಿ ಆಯುಧಪೂಜೆಗೆ ಅಲ್ಲಿಯ ಫೋರ್ಕ್‌ಲಿಫ್ಟ್‌ಗಳಿಗೆಲ್ಲ ಕುಂಕುಮ ಹಚ್ಚುವವನು ನಾನೇ. ಒಣ ಕುಂಕುಮ ಕಬ್ಬಿಣಕ್ಕೆ ಅಂಟುವುದಿಲ್ಲ, ಅದಕ್ಕೇ ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತೇನೆ. ಮಳೆ ಬಿದ್ದರೂ ಮೂರು ತಿಂಗಳು ಹೋಗುವುದಿಲ್ಲ. ಆ ಫೋರ್ಕ್‌ಲಿಫ್ಟ್‌ಗಳು ಇವತ್ತಿನವರೆಗೆ ಒಂದು ಅಪಘಾತವನ್ನೂ ಮಾಡಿಲ್ಲ. ಅವು ನಡೆಯುವ ಮನುಷ್ಯನಿಗಿಂತ ಸ್ವಲ್ಪವೇ ಜೋರಾಗಿ ಓಡುತ್ತವೆ ಎಂಬುದು ಬೇರೆ ಮಾತು.

ಅನನ್ಯಾ, "ಡೋಂಟ್ ಟಚ್ ಮೈನ್," ಎಂದು ತನ್ನ ಸೈಕಲ್ಲನ್ನು ದೂರ ಒಯ್ದಳು. ಸುಮಂಗಲಾ ಹ್ಯಾಂಡಲ್ಲಿಗೆ ಒಂದೇ ಬೊಟ್ಟು ಸಾಕೆಂದಳು. ಹೀಗಾಗಿ ಡಬ್ಬಿಯಲ್ಲಿ ಕಲಸಿ ತಂದಿದ್ದ ಕುಂಕುಮವೆಲ್ಲ ನನ್ನ ಸೈಕಲ್ಲಿನ ಪಾಲಿಗೇ ಬಂತು. ಹಚ್ಚಲು ಜಾಗ ಹುಡುಕಿದೆ. ಆಗ ಗಾಲಿಗಳ ನಟ್ಟನಡುವೆ, ಈಗಷ್ಟೇ ಬೆಳಗಿಟ್ಟ ಪೂಜೆಯ ತಟ್ಟೆಯ ಹಾಗೆ ಹೊಳೆಯುವ ಉಕ್ಕಿನ ಬಿಲ್ಲೆ ಕಣ್ಣಿಗೆ ಬಿತ್ತು. ಎರಡು ಗಾಲಿ, ಎರಡು ಬಿಲ್ಲೆ. ಇವನ್ನು ಮಾಡಿದವನು ಕುಂಕುಮಕ್ಕೆಂದೇ ಮಾಡಿದ್ದಾನೆ ಅನಿಸಿತು. ಎರಡಕ್ಕೂ ಮುಂದೆ ಹಿಂದೆ ಧಾರಾಳವಾಗಿ ಹಚ್ಚಿದೆ. ಬ್ರೇಕ್ ಹಿಡಿದರೆ ಆ ಬಿಲ್ಲೆ ಕುಂಯ್ ಅಂದಿತು. ಪಾಪ, ಎಣ್ಣೆ ಕೇಳುತ್ತಿದೆ ಎಂದುಕೊಂಡು ಚೀಲದಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯಿಂದ ಇನ್ನೊಂದಿಷ್ಟು ಬಿಟ್ಟು ತಿಕ್ಕಿದೆ. ಕುಂಯ್ ನಿಂತಿತು. ಹದಿನೈದು ವರ್ಷ ಯಂತ್ರಗಳ ನಡುವೆ ಕೆಲಸ ಮಾಡಿದ್ದು ಸುಮ್ಮನೆ ಅಲ್ಲ ಎಂದು ಹೆಂಡತಿಗೆ ಹೇಳಿದೆ. ಉಳಿದ ಕುಂಕುಮದ ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಗಾಲಿಯಡಿ ನಿಂಬೆಹಣ್ಣು ಪಚಕ್ಕೆಂದವು. ಹೊರಟೆವು.

ಮೊದಲ ಹನ್ನೊಂದು ಕಿಲೋಮೀಟರ್ ನನ್ನ ಜೀವನದ ಸುವರ್ಣಯುಗ. ಎಡಕ್ಕೆ ನೀಲಿ ನದಿ, ಎದುರಿಗೆ ಹಿಮದ ಟೋಪಿ ಹಾಕಿಕೊಂಡ ಬೆಟ್ಟ, ಬೆನ್ನಿಗೆ ಗಾಳಿ. ಒಂದು ವಾಹನವಿಲ್ಲ. ನಿಜ ಹೇಳಬೇಕೆಂದರೆ ಅದೇ ಸ್ವಲ್ಪ ಕಸಿವಿಸಿ. ನಾನು ಸೈಕಲ್ ಕಲಿತ ಊರಿನಲ್ಲಿ ಎದುರಿಗೆ ಲಾರಿ, ಹಿಂದೆ ಬಸ್ಸು, ನಡುವೆ ಎಮ್ಮೆ ಇಲ್ಲದ ದಾರಿ ದಾರಿಯೇ ಅಲ್ಲ. ತಡೆಯಲಾರದೆ ಖಾಲಿ ದಾರಿಗೇ ಎರಡು ಸಲ ಬೆಲ್ ಹೊಡೆದೆ. ಅನನ್ಯಾ ತಿರುಗಿ ನೋಡಿ ನಕ್ಕಳು. ಬೆಲ್ಲಿಗೆ ನಕ್ಕಳೋ ನನಗೋ, ಅಂತೂ ನಕ್ಕಳು, ನನಗೆ ಅಷ್ಟೇ ಸಾಕಾಗಿತ್ತು.

ಇಳಿಜಾರು ಬಂತು. ಹೆಂಡತಿ ಮಗಳು ಇಬ್ಬರೂ ನಿಂತು ಬ್ರೇಕ್ ಪರೀಕ್ಷೆ ಮಾಡಿ ನಿಧಾನ ಇಳಿಯತೊಡಗಿದರು. ನಾನು ನಿಲ್ಲಲಿಲ್ಲ. ಸ್ವಲ್ಪ ಇಳಿದ ಮೇಲೆ ವೇಗ ಹೆಚ್ಚಾಯಿತೆನಿಸಿ ಬ್ರೇಕ್ ಹಿಡಿದೆ. ಏನೂ ಆಗಲಿಲ್ಲ. ಎರಡೂ ಬ್ರೇಕ್ ಹಿಡಿದೆ. ಕುಂಯ್ ಕೂಡ ಇಲ್ಲ. ಸೈಕಲ್ಲು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯತೊಡಗಿತು.

ಸುಮಂಗಲಾಳನ್ನು ದಾಟಿದೆ. "ಮಗಳ ಮುಂದ ದೌಲತ್ತು ಸಾಕ್ರಿ!" ಎಂದು ಅವಳು ಕೂಗಿದ್ದು ಕೇಳಿಸಿತು. ಆಮೇಲೆ ಅನನ್ಯಾಳನ್ನು ದಾಟಿದೆ. ಅವಳ ಮುಖ ಅರಳಿತು. "ಗೋ ಅಪ್ಪಾ!" ಎಂದು ಚೀರಿದಳು. ಮಗಳು ನನ್ನ ಬಗ್ಗೆ ಹೆಮ್ಮೆಪಟ್ಟ ಮೊದಲ ಗಳಿಗೆ ಅದು. ಅದೇ ಗಳಿಗೆಯಲ್ಲಿ ನಾನು ಮನಸ್ಸಿನಲ್ಲೇ ವಿಮೆಯ ಕಾಗದ ಯಾವ ಕಪಾಟಿನಲ್ಲಿದೆ ಎಂದು ನೆನಪಿಸಿಕೊಳ್ಳುತ್ತಿದ್ದೆ.

ತಿರುವು ದಾಟಿದರೆ ದಾರಿಯ ತುಂಬ ಕುರಿ. ನೂರಾರು ಕುರಿ. ಅವುಗಳ ಹಿಂದೆ ಒಬ್ಬ ರೈತ, ಎರಡು ನಾಯಿ. ವಾಹನ ನಿಷೇಧ ಎಂದು ಬೋರ್ಡು ಹಾಕಿದವರು ಕುರಿಗಳ ಬಗ್ಗೆ ಏನೂ ಬರೆದಿರಲಿಲ್ಲ. "ಸರೀರಿ, ಸರೀರಿ, ಬ್ರೇಕಿಲ್ಲ!" ಎಂದು ಒದರಿದೆ. ಆಲ್ಪ್ಸ್‌ನ ಕುರಿಗಳಿಗೆ ಬಹುವಚನದಲ್ಲಿ ಮರ್ಯಾದೆ ಕೊಟ್ಟು ಮಾತಾಡಿದ ಮೊದಲಿಗ ನಾನೇ ಇರಬೇಕು. ಒಂದೂ ಸರಿಯಲಿಲ್ಲ. ಎಡಕ್ಕೆ ನದಿ, ಹೀಗಾಗಿ ಬಲಕ್ಕೆ ತಿರುಗಿಸಿದೆ. ಅಲ್ಲಿ ಮಾಟಗೌರಿ ಎಂಬ ಪೊದೆ ಬೆಳೆಯುತ್ತದೆ. ಹೆಸರಿನಲ್ಲಿ ಗೌರಿ, ಮೈತುಂಬ ಮುಳ್ಳು. ಅದರೊಳಗೆ ತಲೆಕೆಳಗಾಗಿ ಪ್ರವೇಶ ಮಾಡಿದೆ.

ಕಣ್ಣು ಬಿಟ್ಟಾಗ ರೈತ ನನ್ನ ಎದೆಯನ್ನೇ ನೋಡುತ್ತಿದ್ದ. ಅವನ ಮುಖ ಬಿಳಿಚಿತ್ತು. ನಾನೂ ನೋಡಿಕೊಂಡೆ. ಅಂಗಿಯ ಎಡಭಾಗವೆಲ್ಲ ಕೆಂಪು, ಇನ್ನೂ ಇಳಿಯುತ್ತಿತ್ತು. ಜೇಬಿನ ಡಬ್ಬಿ ಒಡೆದಿತ್ತು. ಆದರೆ ಅದನ್ನು ಹೇಳಲು ನನಗೆ ಉಸಿರೇ ಇರಲಿಲ್ಲ.

"ಅಲ್ಲಾಡಬೇಡ ಮೇಟ್. ಹೆಲಿಕಾಪ್ಟರ್ ಕರೆಸುತ್ತೇನೆ," ಎಂದು ಅವನು ಸೊಂಟದ ರೇಡಿಯೋಗೆ ಕೈ ಹಾಕಿದ.

ಅಷ್ಟರಲ್ಲಿ ಸುಮಂಗಲಾ ಓಡಿ ಬಂದಳು. ನಾಡಿ ಹಿಡಿದಳು, ಅಂಗಿ ಹರಿದಳು, ಗಾಯ ಹುಡುಕಿದಳು. ಗಾಯ ಸಿಗಲಿಲ್ಲ. ಬೆರಳು ಮೂಗಿಗೆ ಹಿಡಿದು ನೋಡಿದಳು.

"ಕೊಬ್ರಿ ಎಣ್ಣಿ ವಾಸನಿ ಬರಾಕತ್ತೈತಲ್ರೀ," ಎಂದಳು. ಆಮೇಲೆ ರೈತನ ಕಡೆ ತಿರುಗಿ, "ನೋ ಹೆಲಿಕಾಪ್ಟರ್, ಪ್ಲೀಸ್. ದಿಸ್ ಈಸ್ ನಾಟ್ ಬ್ಲಡ್. ದಿಸ್ ಈಸ್ ಪೂಜಾ," ಎಂದಳು.

ರೈತ ರೇಡಿಯೋ ಕೆಳಗಿಳಿಸಿದ. ನನ್ನ ಸೈಕಲ್ಲನ್ನು ಎತ್ತಿ, ಗಾಲಿಯ ಬಿಲ್ಲೆಯನ್ನು ಬೆರಳಿನಿಂದ ಸವರಿ ನೋಡಿದ. "ಬ್ರೇಕಿಗೆ ಎಣ್ಣೆ ಹಾಕಿದ್ದೀಯಾ?" ಎಂದು ಬಹಳ ಮೃದುವಾಗಿ ಕೇಳಿದ. ಆ ಬಿಲ್ಲೆಯೇ ಬ್ರೇಕು ಎಂದು ನನಗೆ ಆಗ ಗೊತ್ತಾಯಿತು. ಹೈಸ್ಕೂಲಿನ ನನ್ನ ಸೈಕಲ್ಲಿಗೆ ಬ್ರೇಕ್ ಎಂದರೆ ನನ್ನ ಚಪ್ಪಲಿ.

ಆ ದಾರಿಯಲ್ಲಿ ಗಾಡಿ ಓಡಿಸುವ ಅನುಮತಿ ಇದ್ದವನು ಆ ರೈತನೊಬ್ಬನೇ. ಅವನ ಯೂಟ್ ಎಂಬ, ಹಿಂದೆ ತೆರೆದ ಗಾಡಿಯ ಹಿಂಭಾಗದಲ್ಲಿ ಎರಡು ನಾಯಿಗಳ ನಡುವೆ ನನ್ನನ್ನು ಕೂರಿಸಿದರು. ಅನನ್ಯಾ ಎದುರಿಗೆ ಕೂತಿದ್ದಳು. ಅವಳ ಕಣ್ಣು ಕೆಂಪಾಗಿದ್ದವು. ಅತ್ತಿದ್ದಳು ಎಂದು ಆಗಲೇ ತಿಳಿದದ್ದು. ಮುಳ್ಳು ಚುಚ್ಚಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

"ನಾ ಸೋತೆ ನೋಡವಾ. ಕ್ರೇಗ್ ಅಂಕಲ್ ಹೆಸರು ಹಂಗ ಇರ್ಲಿ," ಎಂದೆ.

"ನೋ," ಎಂದಳು ಅನನ್ಯಾ. "ಯು ಆರ್ ಕಮಿಂಗ್." ಒಂದು ನಾಯಿಯನ್ನು ಆಚೆ ಸರಿಸಿ ನನ್ನ ಪಕ್ಕ ಬಂದು ಕೂತಳು.

ಹೋದೆ. ಫೆಬ್ರವರಿಯ ಕ್ಯಾಂಪಿನಲ್ಲಿ ಮೊದಲ ಬೆಳಿಗ್ಗೆಯೇ ಅವರ ಟೀಚರು ನನ್ನನ್ನು ಮಕ್ಕಳೆದುರು ನಿಲ್ಲಿಸಿ, ಇವರು ಅನನ್ಯಾಳ ತಂದೆ, ಬ್ರೇಕ್ ಕೈಕೊಟ್ಟರೆ ಏನಾಗುತ್ತದೆ ಎಂಬುದರಲ್ಲಿ ನಮ್ಮ ಪೈಕಿ ಹೆಚ್ಚು ಅನುಭವ ಇವರಿಗೇ ಇದೆ ಎಂದು ಪರಿಚಯಿಸಿದರು. ಕಥೆ ಯಾರು ಹೇಳಿದ್ದರು ಎಂದು ನಾನು ಕೇಳಲಿಲ್ಲ. ಎಲ್ಲ ಮಕ್ಕಳ ಬ್ರೇಕ್ ತಪಾಸಣೆಯ ಗುರುತರ ಜವಾಬ್ದಾರಿ ನನ್ನ ಹೆಗಲಿಗೆ ಬಂತು. ಬೇರೆ ಗುಂಪಿನ ಜೊತೆ ಬಂದಿದ್ದ ಕ್ರೇಗ್ ನನ್ನ ಸಹಾಯಕ. ಎದೆಯುಬ್ಬಿಸಿ ಸಾಲಿನ ತುದಿಯಲ್ಲಿ ನಿಂತೆ.

ಮೊದಲು ಬಂದದ್ದು ಅನನ್ಯಾಳ ಸೈಕಲ್. ನಾನು ಬಗ್ಗಿ ಗಾಲಿಗೆ ಕೈ ಚಾಚಿದೆ.

"ಅಪ್ಪಾ, ಹ್ಯಾಂಡ್ಸ್," ಎಂದಳು.

ಎರಡೂ ಕೈ ತೋರಿಸಿದೆ. ತಿರುಗಿಸಿ ನೋಡಿದಳು. ಮೂಸಿ ನೋಡಿದಳು.

"ಗೋ ವಾಶ್."

ಕೈ ತೊಳೆದುಕೊಳ್ಳಲು ಹೋದೆ. ನಾನು ಬರುವಷ್ಟರಲ್ಲಿ ಕ್ರೇಗ್ ಅರ್ಧ ಸಾಲು ಮುಗಿಸಿದ್ದ.