ಫೋಟೊ ಇಲ್ಲದ ಫ್ಲೆಕ್ಸ್

ತೊಂದರೆ ಶುರುವಾದದ್ದು ಒಂದು ಫೋಟೊ ಇಲ್ಲದ್ದರಿಂದ.

ಹೊನ್ನಾಳಿಯ ಬಸ್‌ಸ್ಟ್ಯಾಂಡ್ ಎದುರು 'ಬರೀ ಅಕ್ಷರ' ಎಂಬ ಡಿಸೈನ್ ಸ್ಟುಡಿಯೊ ಇಟ್ಟಿದ್ದ ಗುರುಬಸವರಾಜನಿಗೆ ಒಂದೇ ಹಟ: ಅಕ್ಷರ ಕಮ್ಮಿ, ಖಾಲಿ ಜಾಗ ಜಾಸ್ತಿ. ಮಾತೂ ಹಾಗೇ, ಎರಡು ಪದ ಆಡಿ ಸುಮ್ಮನಾಗುವ ಆಸಾಮಿ. ಊರಿನವರಿಗೋ ಫ್ಲೆಕ್ಸ್ ಅಂದರೆ ನಲವತ್ತು ಮುಖ, ಎರಡು ಹುಲಿ, ನಡುವೆ ಒಂದು ಕೇಕು. ಹಾಗಾಗಿ ಗಿರಾಕಿಗಳೂ ಕಮ್ಮಿ.

ಅಂಥವನಿಗೆ ಬೀಜ-ಗೊಬ್ಬರದ ಅಂಗಡಿಯ ಕೊಟ್ರಬಸಪ್ಪ ತಮ್ಮ ಅರವತ್ತನೇ ಹುಟ್ಟುಹಬ್ಬದ ಫ್ಲೆಕ್ಸ್ ಕೆಲಸ ಕೊಟ್ಟರು. ಕೊಡಿಸಿದ್ದು ಮಗಳು ಸಂಧ್ಯಾರಾಣಿ. ಎರಡು ವರ್ಷದಿಂದ ಗುರು ಅವಳ ಜೊತೆ ಮನಸ್ಸಿನಲ್ಲೇ ಮಂಟಪ ಹತ್ತಿ ಇಳಿಯುತ್ತಿದ್ದ. ಈ ಫ್ಲೆಕ್ಸ್ ಮೆಚ್ಚಿಗೆಯಾದರೆ ಅದೇ ದಿನ ಅವರಪ್ಪನನ್ನು ಕೇಳಿಯೇಬಿಡುವುದು ಎಂದುಕೊಂಡ. ಬಿಳಿಯ ಮೇಲೆ ಕಪ್ಪಗೆ 'ಕೊಟ್ರಬಸಪ್ಪ', ಕೆಳಗೆ ಸಣ್ಣದಾಗಿ '೬೦'. ಅಷ್ಟೇ.

"ಫೋಟೊ?" ಅಂತ ಸಂಧ್ಯಾರಾಣಿಯನ್ನು ಕೇಳಿದ್ದ.

"ಬ್ಯಾಡ್ರಿ, ಇಷ್ಟೇ ಇರ್ಲಿ. ನೋಡಿದೋರ ಕಣ್ಣಾಗೆ ನೀರು ಬರ್ಬೇಕು."

ಇಂಥ ರಸಿಕಳು ಹೊನ್ನಾಳಿಯಲ್ಲಿ ಇನ್ನೊಬ್ಬಳಿಲ್ಲ ಎಂದು ಗುರು ಹಿಗ್ಗಿಹೋದ.

ಬೆಳಿಗ್ಗೆ ಏಳಕ್ಕೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏರಿತು. ಎಂಟಕ್ಕೆ ಚಹಾ ಅಂಗಡಿ ನಿಂಗರಾಜ್ ಅರ್ಧ ಬಾಗಿಲು ಹಾಕಿದ.

"ನಿನ್ನೆ ಸಂಜೆ ನನ್ ಕೈಯಿಂದ್ಲೇ ಚಾ ಇಸ್ಕೊಂಡು ಕುಡಿದಿದ್ರು ಕಣ್ರಿ. ಚೆನ್ನಾಗೇ ಇದ್ರು."

"ಹುಟ್ಟುಹಬ್ಬ ಅದು," ಅಂದ ಗುರು.

"ಹುಟ್ಟುಹಬ್ಬಕ್ಕೆ ಯಾರಾದ್ರೂ ಬಿಳೀ ಫ್ಲೆಕ್ಸ್ ಹಾಕ್ತಾರೇನ್ರಿ? ದುಃಖದಾಗೆ ನಿಮಗೂ ತಲೆ ಓಡ್ತಿಲ್ಲ ಬಿಡ್ರಿ."

ಗುರು ಕೊಟ್ರಬಸಪ್ಪನವರ ಮನೆಗೆ ಓಡಿದ. ಅಷ್ಟರಲ್ಲಿ ಸಾಸ್ವೆಹಳ್ಳಿಯಿಂದ ಅವರ ತಂಗಿ ಕೊಟ್ರಮ್ಮ ಒಂದು ಟೆಂಪೊ ಜನರ ಜೊತೆ ಅಳುತ್ತಾ ಇಳಿಯುತ್ತಿದ್ದಳು. ಹೊಸ ಪಂಚೆ ಉಟ್ಟು ಜಗುಲಿ ಮೇಲೆ ಹೋಳಿಗೆ ತಿನ್ನುತ್ತಿದ್ದ ಕೊಟ್ರಬಸಪ್ಪ ಗಾಬರಿಯಾಗಿ ಎದ್ದರು.

"ಯಾರು ಹೋದ್ರೇ ಕೊಟ್ರಮ್ಮ?"

"ನೀನೇ ಕಣಣ್ಣ," ಅಂದು ಇನ್ನಷ್ಟು ಅತ್ತವಳು, ಯಾರ ಜೊತೆ ಮಾತಾಡುತ್ತಿದ್ದೇನೆಂದು ಹೊಳೆದು ಅಲ್ಲೇ ಕುಸಿದಳು.

ವಿಷಯ ತಿಳಿದ ಕೊಟ್ರಬಸಪ್ಪ ಚಪ್ಪಲಿ ಹುಡುಕತೊಡಗಿದರು, ಹಾಕಿಕೊಳ್ಳಲಿಕ್ಕಲ್ಲ. ಅದೇ ಹೊತ್ತಿಗೆ ಹಾರ ಹಿಡಿದು ಬಂದವರು ಜಯದೇವಪ್ಪ. ಹಳೇ ಗೆಳೆಯರೇ, ಆದರೆ ಯಾವುದೋ ಫ್ಲೆಕ್ಸಿನಲ್ಲಿ ತಮ್ಮ ಫೋಟೊ ಕೆಳಗಿನ ಸಾಲಿಗೆ ಬಿದ್ದಿತೆಂದು ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು.

"ಒಂದ್ ಮಾತೂ ಆಡ್ದೆ ಹೋಗ್ಬಿಟ್ಟೆಯಲ್ಲೋ ಕೊಟ್ರಪ್ಪ," ಎನ್ನುತ್ತಾ ತಲೆ ಎತ್ತಿದರೆ, ಹೋದವನ ಕೈಯಲ್ಲಿ ಚಪ್ಪಲಿ. ತಂದ ಹಾರವನ್ನು ಅವನ ಕೊರಳಿಗೇ ಹಾಕಿದರು. ಇಬ್ಬರೂ ತಬ್ಬಿಕೊಂಡು ಮಕ್ಕಳಂತೆ ಅತ್ತರು.

ಕೊಟ್ರಬಸಪ್ಪ ಕಣ್ಣೊರೆಸಿಕೊಂಡು ಗುರುವಿನ ಬೆನ್ನು ತಟ್ಟಿದರು. "ನಿನ್ನಿಂದ ನನ್ ಗೆಳೆಯ ಸಿಕ್ಕ. ಏನ್ ಬೇಕು ಕೇಳಪ್ಪ."

"ಸಂಧ್ಯಾರಾಣಿ ಮದುವೆ..." ಅಂದ ಗುರು. ಅಭ್ಯಾಸಬಲ, ಮುಂದಿನದು ಖಾಲಿ ಬಿಟ್ಟ.

ಅದನ್ನು ಜಯದೇವಪ್ಪ ತುಂಬಿದರು. "ಸರಿಯಾಗಿ ನೆನಪು ಮಾಡ್ದೆ ನೋಡು. ಕೊಟ್ರಪ್ಪ, ನನ್ ಮಗ ಪ್ರವೀಣ್ ಕುಮಾರಂಗೆ ಕೊಟ್ಬಿಡೋ."

"ಆತು ಬಿಡು," ಅಂದರು ಕೊಟ್ರಬಸಪ್ಪ.

ಹೋಳಿಗೆ ತಟ್ಟೆ ತಂದ ಸಂಧ್ಯಾರಾಣಿಯ ಮುಖ ಅರಳಿತ್ತು. ಗುರುವಿನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು:

"ಐದು ವರ್ಷದಿಂದ ನಾನು, ಪ್ರವೀಣ್ ಇದಕ್ಕೇ ಕಾಯ್ತಿದ್ವಿ. ಫೋಟೊ ಬ್ಯಾಡ ಅಂದಿದ್ದೂ ಅದಕ್ಕೇ, ಅಪ್ಪ ಹೋದ್ರು ಅಂದ್ಕೊಂಡಾದ್ರೂ ಪ್ರವೀಣ್ ಅವರಪ್ಪ ಬರ್ಲಿ ಅಂತ. ಲಗ್ನಪತ್ರಿಕೆ ಮಾಡಾಕೂ ನೀವೇ ಆಗ್ಬೇಕು, ಗುರಣ್ಣ. ಎರಡೇ ಹೆಸರು ಸಾಕು, ಮಿಕ್ಕಿದ್ದೆಲ್ಲ ತೆಗ್ದುಬಿಡ್ರಿ."