ಪರ್ಮಿಟ್ ಮೀರದ ಬೇರಿಂಗ್

ಸಂಡೂರು ಗುಡ್ಡದ ಆ ಗಣಿಯಲ್ಲಿ ಭಾರವೆಂದರೆ ಪರ್ಮಿಟ್ಟಿನಲ್ಲಿ ಬರೆದಷ್ಟೇ. ಲಾರಿಯಲ್ಲಿ ಅದರ ಎರಡರಷ್ಟು ಅದಿರಿದ್ದರೆ ಅದು ಲಾರಿಯ ಖಾಸಗಿ ವಿಷಯ.

ಟ್ರೈನಿ ಎಂಜಿನಿಯರ್ ಗಂಗಾಂಬಿಕಾಗೆ ಈ ನಿಯಮ ತಡವಾಗಿ ತಿಳಿಯಿತು. ಅದಿರು ಒಡೆಯುವ ಕ್ರಷರ್ ಅವಳ ಸುಪರ್ದಿಯಲ್ಲಿತ್ತು. ಅದು ಕೆಟ್ಟರೆ ಅವಳ ಕೆಲಸ ಕಾಯಂ ಆಗುವುದಿಲ್ಲವೆಂದು ಮೊದಲೇ ಹೇಳಿದ್ದರು. ಕ್ರಷರಿನ ನೆಟ್ಟಗೆ ನಿಂತ ಶಾಫ್ಟಿಗೆ ಎರಡು ಬಗೆಯ ಬೇರಿಂಗ್. ಸುತ್ತ ತೊಡಿಸಿದ ಕಂಚಿನ ಬುಷ್ ಪಕ್ಕದ ಒತ್ತಡ ತಡೆಯುತ್ತದೆ. ಬುಡದ ಥ್ರಸ್ಟ್ ಬಿಲ್ಲೆ ಮೇಲಿಂದ ಬೀಳುವ ಭಾರ ಹೊರುತ್ತದೆ. ಬುಷ್ ಗಟ್ಟಿಯಿತ್ತು. ಬಿಲ್ಲೆ ಸವೆದು ಹಪ್ಪಳವಾಗಿತ್ತು.

ಮ್ಯಾನೇಜರ್ ಚನ್ನಯ್ಯನವರ ಬಳಿ ಹೊಸ ಬಿಲ್ಲೆ ಕೇಳಿದಳು.

"ಹೋದ ವರ್ಷ ಹಾಕಿದ್ದು, ಇಷ್ಟು ಜಲ್ದಿ ಯಾಕ ಸವೀತು?"

"ಭಾರ ಭಾಳ ಬೀಳ್ತೈತ್ರೀ ಸರ್."

"ಮೆಲ್ಲಕ ಮಾತಾಡಮ್ಮಾ! ಪರ್ಮಿಟ್ ಮೀರಿ ನಾವು ಒಂದು ಕಲ್ಲೂ ಒಡ್ಯಾಂಗಿಲ್ಲ. ಹೊಸ ಬಿಲ್ಲಿ ತರಿಸಿದ್ರ ನಾವ ಒಪ್ಪಿಕೊಂಡಂಗ."

ಸಂಜೆ ಸುತ್ತೋಲೆ ಹೊರಟಿತು: "ಎಲ್ಲ ಬೇರಿಂಗುಗಳಿಗೆ ತಿಳಿಸುವುದೇನೆಂದರೆ, ಪರ್ಮಿಟ್ ಮೀರಿದ ಭಾರದಿಂದ ಸವೆಯುವುದನ್ನು ಅಶಿಸ್ತೆಂದು ಪರಿಗಣಿಸಲಾಗುವುದು. ಥ್ರಸ್ಟ್ ಬಿಲ್ಲೆಗೆ ಕಷ್ಟವಾದಲ್ಲಿ ಬುಷ್ ನೆರವಾಗತಕ್ಕದ್ದು."

ಫಿಟ್ಟರ್ ಕೆಂಚಣ್ಣ ಅದನ್ನು ಗ್ರೀಸ್ ಹಚ್ಚಿ ಕ್ರಷರಿಗೆ ಅಂಟಿಸಿದ. "ಓದಿ ಹೇಳ್ರೀ ಮೇಡಂ. ಬುಷ್ಷಿಗೆ ಓದಾಕ ಬರಂಗಿಲ್ಲ."

"ಪಕ್ಕದಾಗ ಹಿಡಿಯೋದು ಮ್ಯಾಲಿನ ಭಾರ ಹೆಂಗ ಹೊರತೈತಿ ಕೆಂಚಣ್ಣ? ಶಾಫ್ಟ್ ಅದರೊಳಗ ಜಾರಿ ಕೆಳಗಿಳೀತೈತಿ."

"ಇಳೀಲಿ ಬಿಡ್ರೀ. ಸುತ್ತೋಲಿ ಅಂಟಿಸೀವಲ್ಲ."

ಗುರುವಾರ ಶಾಫ್ಟ್ ಇಳಿಯಿತು. ಕ್ರಷರ್ ದೊಡ್ಡದಾಗಿ ಕೆಮ್ಮಿ ನಿಂತಿತು. ಕೆಲಸ ಹೋಯಿತೆಂದುಕೊಂಡು ಗಂಗಾಂಬಿಕಾ ಹೊಸಪೇಟೆ ಬಸ್ಸಿನ ವೇಳೆ ವಿಚಾರಿಸತೊಡಗಿದಳು.

ಚನ್ನಯ್ಯ ಬಂದು ಇಣುಕಿದರು. "ಈಗ ಒಳಗ ಅದಿರಿನ ಭಾರ ಎಷ್ಟು ಬೀಳಾಕತ್ತೈತಿ?"

"ಏನೂ ಇಲ್ರೀ ಸರ್. ಮಿಷನ್ನ ನಿಂತೈತಿ."

"ಪರ್ಮಿಟ್ಟಿನೊಳಗ ಐತಿ, ಹೌದಿಲ್ಲೋ?"

"ಐತ್ರೀ."

"ಮತ್ತ ಕೆಟ್ಟಿದ್ದೇನು?"

ಗಂಗಾಂಬಿಕಾ ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದಳು. ತಪ್ಪು ಸಿಗಲಿಲ್ಲ.

ಅಂದಿನಿಂದ ಆ ಕ್ರಷರಿನ ಪಾಲಿನ ಅದಿರು ಒಡೆಯದೆ, ಹೆಂಟೆ ಹೆಂಟೆಯಾಗಿಯೇ ಬಂದರಿಗೆ ಹೋಯಿತು. ಕೊಳ್ಳುವವರು ತಕರಾರು ಮಾಡಲಿಲ್ಲ. ಆ ವರ್ಷ ಅವರು ಕೆಂಪು ಮಣ್ಣಿಗೂ ತಕರಾರು ಮಾಡುತ್ತಿರಲಿಲ್ಲ. ಭಾರವನ್ನು ಪರ್ಮಿಟ್ಟಿನೊಳಗೆ ಇಟ್ಟ ಮೊದಲ ಎಂಜಿನಿಯರ್ ಎಂದು ಗಂಗಾಂಬಿಕಾಳ ಕೆಲಸ ಕಾಯಂ ಆಯಿತು. ಕೆಂಚಣ್ಣ ಪೇಡೆ ಹಂಚಿದ. ಗಣಿಯ ಉಳಿದ ಎರಡು ಕ್ರಷರುಗಳನ್ನೂ ಅವಳ ಸುಪರ್ದಿಗೆ ಒಪ್ಪಿಸಲಾಯಿತು.

ಮುಂದಿನ ಶನಿವಾರದೊಳಗೆ ಅವನ್ನೂ ನಿಲ್ಲಿಸಿ, ಭಾರ ಪರ್ಮಿಟ್ಟಿನೊಳಗಿದೆಯೆಂದು ಅವಳು ವರದಿ ಕೊಟ್ಟಳು.