ಫೋಟೋಗೆ ಸಿಗದ ಚಡ್ಡಿ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಟೇಲರ್ ತನ್ನ ಅಂಗಡಿಯ ಕಟಿಂಗ್ ಟೇಬಲ್ ಕೆಳಗಿನಿಂದ ಒಂದು ಗೋಣಿಚೀಲವನ್ನು ಹೊರಗೆಳೆದ. ಚೀಲದ ತುಂಬ ಉಣ್ಣೆ ಟೊಪ್ಪಿಗಳಿದ್ದವು. ನ್ಯಾಯವಾಗಿ ಅವು ಎರಡು ತಿಂಗಳ ಹಿಂದೆಯೇ ಸಮುದ್ರ ದಾಟಿ, ದೂರದೇಶದ ಚಳಿಗುಡ್ಡದಲ್ಲಿರುವ ಅನಾಥ ಮಕ್ಕಳ ತಲೆಯ ಮೇಲೆ ಕೂತಿರಬೇಕಿತ್ತು.

ಕೂತಿರಲಿಲ್ಲ. ಕಾರಣ, ಟೇಲರ್‌ನ ಹೊಟ್ಟೆಕಿಚ್ಚು.

ಆ ಬೀದಿಯ ಚರ್ಚಿನವರು ವರ್ಷಕ್ಕೊಮ್ಮೆ ಆ ಮಕ್ಕಳ ಮನೆಗೆ ಬಟ್ಟೆ ಕಳಿಸುತ್ತಿದ್ದರು. ಆ ಮನೆಯನ್ನು ನಡೆಸುವ ಸಿಸ್ಟರ್ ಇದೇ ಬೀದಿಯಿಂದ ಹೋದವರು. ಟೇಲರ್ ಚಡ್ಡಿ ಹೊಲಿಯುತ್ತಿದ್ದ. ಎದುರು ಮನೆಯ ರಿಟೈರ್ಡ್ ಟೀಚರಮ್ಮ ಟೊಪ್ಪಿ ಹೆಣೆಯುತ್ತಿದ್ದರು. ಬಟ್ಟೆ ತಲುಪಿದ ಮೇಲೆ ಅಲ್ಲಿಂದ ಒಂದು ಫೋಟೋ ಬರುತ್ತಿತ್ತು. ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಅದು ವರ್ಷವಿಡೀ ಇರುತ್ತಿತ್ತು. ಏನು ದುರದೃಷ್ಟವೋ, ಪ್ರತಿ ಫೋಟೋ ಮಕ್ಕಳ ಸೊಂಟಕ್ಕೇ ಮುಗಿದುಹೋಗುತ್ತಿತ್ತು. ಮೇಲೆ ಟೊಪ್ಪಿಗಳು ಹೂದೋಟದಂತೆ ಅರಳಿರುತ್ತಿದ್ದವು. ಚಡ್ಡಿಗಳು ಚೌಕಟ್ಟಿನ ಕೆಳಗೆ, ದೇವರಿಗೆ ಮಾತ್ರ ಕಾಣುವ ಜಾಗದಲ್ಲಿರುತ್ತಿದ್ದವು.

"ಟೀಚರಮ್ಮ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು" ಎಂದು ಬೋರ್ಡಿನ ಮುಂದೆ ನಿಂತವರೆಲ್ಲ ಹೇಳುತ್ತಿದ್ದರು. ಟೇಲರ್ ಪಕ್ಕದಲ್ಲೇ ನಿಂತಿದ್ದರೆ, "ಏನಣ್ಣ, ನನ್ನ ಪ್ಯಾಂಟು ಆಯ್ತಾ?" ಎಂದು ಕೇಳುತ್ತಿದ್ದರು.

ಈ ವರ್ಷ ಫೋಟೋ ಇಲ್ಲ, ಹಾಲ್‌ನಲ್ಲಿ ದೊಡ್ಡ ಪರದೆ ಹಾಕಿ ವಿಡಿಯೋ ಕಾಲ್ ಮಾಡುತ್ತೇವೆ ಎಂದು ಪಾದ್ರಿಗಳು ಘೋಷಿಸಿದಾಗ ಟೇಲರ್‌ಗೆ ಮೈಯಲ್ಲಿ ಕರೆಂಟು ಹರಿದಂತಾಯಿತು. ಪ್ರತಿ ಸಲದ ನೀಲಿ ಚಡ್ಡಿಗಳನ್ನು ಹೊಲಿದು ಮುಗಿಸಿದ್ದರೂ ಮತ್ತೆ ಕಣ್ಣು ಕೋರೈಸುವ ಕೆಂಪು ಚೌಕಳಿ ಬಟ್ಟೆ ತಂದ. ಪುಟ್ಟ ಮಕ್ಕಳಿಗೆಂದು ಒಳಗೆ ಮೆತ್ತನೆಯ ಲೈನಿಂಗ್, ಸೊಂಟಕ್ಕೆ ಎಲಾಸ್ಟಿಕ್, ಕಾಲಿನ ಅಂಚಿಗೆ ನೆರಿಗೆ ಇಟ್ಟು, ಮದುವೆ ಬಟ್ಟೆ ಹೊಲಿಯುವವನಂತೆ ಹೊಲಿದ. ಹುಮ್ಮಸ್ಸಿನಲ್ಲಿ ಒಂದು ಚೀಲ ಹೆಚ್ಚಾಯಿತು. ಹಡಗಿಗೆ ಹೋಗುವ ಚೀಲಗಳು ಇಷ್ಟೇ ಎಂದು ಮೊದಲೇ ನಿಗದಿಯಾಗಿತ್ತು. ಚೀಲಗಳ ಬಾಯಿ ಹೊಲಿಯುವ ಕೆಲಸ ಅವನದೇ. ಟೊಪ್ಪಿಯ ಚೀಲ ಟೇಬಲ್ ಕೆಳಗೆ ಹೋಯಿತು, ಆ ಜಾಗಕ್ಕೆ ಕೆಂಪು ಚಡ್ಡಿಯ ಚೀಲ ಬಂತು.

ಮಕ್ಕಳ ಮನೆಯಲ್ಲಿ ಚೀಲ ಬಿಚ್ಚುವ ಆಯಾಗಳಿಗೆ ನಮ್ಮ ಅಕ್ಷರ ಬಾರದು. ಅದಕ್ಕೇ ಪ್ರತಿ ಚೀಲದ ಮೇಲೆ ಒಳಗಿರುವುದರ ಚಿತ್ರ ಅಂಟಿಸುವುದು ಪದ್ಧತಿ. ಆ ಕೆಲಸ ಟೀಚರಮ್ಮನದು. ಅವರು ಅಂಗಡಿಗೆ ಬಂದು, 'ಇದೇ ನಿಮ್ಮದು' ಎಂದು ಟೇಲರ್ ತೋರಿಸಿದ ಚೀಲದ ಮೇಲೆ ಟೊಪ್ಪಿ ಹಾಕಿದ ತಲೆಯ ಚಿತ್ರ ಅಂಟಿಸಿ ಹೋಗಿದ್ದರು. 'ಬಿಚ್ಚಿ ನೋಡಿದರೆ ಚಡ್ಡಿ ಯಾವುದು ಅಂತ ತಿಳಿಯಲ್ವಾ' ಎಂದು ಟೇಲರ್ ಸುಮ್ಮನಾಗಿದ್ದ.

ಇವತ್ತು ಆ ವಿಡಿಯೋ ಕಾಲ್. ಟೊಪ್ಪಿ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಷ್ಟರೊಳಗೆ ಚೀಲವನ್ನು ಚರ್ಚಿನ ಉಗ್ರಾಣದಲ್ಲಿ ಹಳೇ ಬೆಂಚುಗಳ ಹಿಂದೆ ತುರುಕಿಬಿಟ್ಟರೆ ಚೀಲಗಳನ್ನು ಲಾರಿಗೆ ತುಂಬಿದವರ ತಲೆಗೆ ತಪ್ಪು ಹೋಗುತ್ತದೆ ಎಂಬುದು ಅವನ ಉಪಾಯ.

"ರೀ, ಚರ್ಚಿಗೆ ಹೋಗೋವಾಗ ಅದೇನು ಗಂಟು?" ಎಂದಳು ಹೆಂಡತಿ.

"ಚಿಂದಿ ಕಣೇ."

"ದೇವರಿಗೆ ಚಿಂದಿ ಕೊಡ್ತೀರಾ?"

"ನಿನಗೆ ಯಾಕೆ? ನಡಿ ಮುಂದೆ."

ಹತ್ತು ಹೆಜ್ಜೆಯೂ ಹೋಗಿರಲಿಲ್ಲ, ಬೇಕರಿಯವನು ಸ್ಕೂಟರ್ ನಿಲ್ಲಿಸಿದ. "ಟೇಲರಣ್ಣ, ಹೆಣ ಹೊತ್ತವನ ಥರ ನಡೀತಿದೀಯಲ್ಲ. ಕೊಡು ಇಲ್ಲಿ." ಬೇಡ ಎನ್ನುವಷ್ಟರಲ್ಲಿ ಚೀಲ ಸ್ಕೂಟರ್ ಏರಿ ಹೊರಟೇಹೋಯಿತು. ಟೇಲರ್ ಓಡಿದ. ಹಾಲ್ ತಲುಪಿದಾಗ ಚೀಲ ಉಗ್ರಾಣದಲ್ಲಿರಲಿಲ್ಲ; ಮೊದಲ ಸಾಲಿನ ಮುಂದೆ, ಎಲ್ಲರ ಕಣ್ಣೆದುರು ಇತ್ತು.

"ಏನಪ್ಪಾ ಇದು?" ಎಂದರು ಪಾದ್ರಿಗಳು.

ಟೇಲರ್ ಏದುಸಿರಿನಲ್ಲೇ ಬಾಯಿಗೆ ಬಂದ ಸುಳ್ಳು ಹೇಳಿದ. "ಅದು... ದಿಂಬು ಫಾದರ್. ಟೀಚರಮ್ಮಂಗೆ ಸೊಂಟನೋವು ಅಲ್ವಾ. ಗಟ್ಟಿ ಕುರ್ಚಿ ಮೇಲೆ ಕೂರೋಕಾಗಲ್ಲ ಅಂತ..."

ಹಾಲ್‌ನಲ್ಲಿದ್ದವರೆಲ್ಲ ಅಯ್ಯೋ ಪಾಪ ಎಂದರು. ಹೆಂಡತಿ ಮಾತ್ರ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಟೀಚರಮ್ಮ ಚೀಲವನ್ನು ಕುರ್ಚಿಯ ಮೇಲಿಟ್ಟುಕೊಂಡು ಕೂತರು, ಒಮ್ಮೆ ಅತ್ತ ಇತ್ತ ಸರಿದರು, ಕೈಯಿಂದ ಒತ್ತಿ ನೋಡಿದರು.

"ಬಹಳ ಮೆತ್ತಗಿದೆ ಕಣೋ. ಉಣ್ಣೆ ಥರ."

ಟೇಲರ್ ತಟ್ಟನೆ ಪರದೆಯ ಕಡೆ ಕೈ ತೋರಿಸಿದ.

ಪರದೆ ಬೆಳಗಿತು. ಮೊದಲು ಕಂಡದ್ದು ನೆಲ. ಫೋನನ್ನು ಸಿಸ್ಟರ್ ಕೆಳಮುಖವಾಗಿ ಹಿಡಿದಿದ್ದರು. ಆಮೇಲೆ ಸಾಲು ಸಾಲು ಪುಟ್ಟ ಕಾಲುಗಳು ಕಂಡವು.

"ಮೇಲೆ ಎತ್ತಿ ಸಿಸ್ಟರ್, ಮೇಲೆ!" ಎಂದು ಜನ ಕೂಗಿದರು.

"ಬೇಡ! ಅಲ್ಲೇ ಇರ್ಲಿ! ಕೆಳಗೇ ತೋರಿಸಿ!" ಎಂದು ಟೇಲರ್ ಎದ್ದು ನಿಂತು ಅರಚಿದ. ಅಷ್ಟು ವರ್ಷ ಕಾದ ಗಳಿಗೆ. ಕಣ್ಣರಳಿಸಿ ನೋಡಿದ. ಎಲ್ಲ ಮಕ್ಕಳೂ ದಪ್ಪನೆಯ ಉದ್ದ ಪ್ಯಾಂಟು ತೊಟ್ಟಿದ್ದವು. ಚಳಿಗಾಲ. ಚಡ್ಡಿಯ ಸುಳಿವೇ ಇಲ್ಲ.

ಫೋನು ಮೇಲೆದ್ದಿತು. ಸೊಂಟ, ಎದೆ, ನಗುವ ಮುಖಗಳು. ಮುಖಗಳ ಮೇಲೆ, ಪ್ರತಿಯೊಂದು ತಲೆಯಲ್ಲೂ, ಕೆಂಪು ಚೌಕಳಿ ಚಡ್ಡಿ.

ಎಲಾಸ್ಟಿಕ್ ಹಣೆಗೆ ಭದ್ರವಾಗಿ ಕೂತಿತ್ತು. ಕಾಲು ತೂರಿಸುವ ಎರಡು ತೂತುಗಳಿಂದ ಹುಡುಗಿಯರ ಎರಡು ಜಡೆಗಳು ನೆರಿಗೆಯ ನಡುವೆ ಹೂಗೊಂಚಲಿನಂತೆ ಹೊರಬಂದಿದ್ದವು. ಹುಡುಗರ ಕಿವಿಗಳು ಗಾಳಿಗೆ ಇಣುಕುತ್ತಿದ್ದವು.

"ಟೀಚರ್, ಈ ವರ್ಷದ ಟೊಪ್ಪಿ ಇದೆಯಲ್ಲ, ಇಷ್ಟು ಚೆಂದದ್ದು ಯಾವತ್ತೂ ಬಂದಿರ್ಲಿಲ್ಲ!" ಸಿಸ್ಟರ್ ಅಲ್ಲಿಂದ ಕೂಗಿ ಹೇಳಿದರು. "ನಾನು ಒಂದು ಮಗುವನ್ನ ಆಸ್ಪತ್ರೆಗೆ ಸೇರಿಸೋಕೆ ಹೋಗಿದ್ದೆ. ಬರೋಷ್ಟರಲ್ಲಿ ಆಯಾಗಳು ಚಿತ್ರ ನೋಡಿ ಎಲ್ಲರಿಗೂ ಹಾಕಿಬಿಟ್ಟಿದ್ರು. ಎರಡು ತೂತು ಯಾತಕ್ಕೆ ಅಂದ್ಕೊಂಡೆ, ಹುಡುಗಿಯರೇ ತೋರಿಸಿದ್ರು. ಮಲಗೋವಾಗ್ಲೂ ತೆಗೆಯಲ್ಲ! ಕಿವಿಗೆ ಮಾತ್ರ ಸ್ವಲ್ಪ ಚಳಿ."

ಚಪ್ಪಾಳೆ ಹಾಲ್‌ನ ಚಾವಣಿಗೆ ಬಡಿಯಿತು. "ಏನು ತಲೆ ಟೀಚರಮ್ಮಂದು!" ಎಂದ ಬೇಕರಿಯವನು. "ಜಡೆಗೆ ಅಂತ ಬೇರೆ ದಾರಿ!"

'ಅದು ನನ್ನ ಚಡ್ಡಿ!' ಎಂಬ ಮಾತು ಟೇಲರ್‌ನ ನಾಲಿಗೆ ತುದಿಗೆ ಬಂತು. ಹೇಳಿದರೆ ಮುಂದಿನ ಪ್ರಶ್ನೆ, 'ಟೊಪ್ಪಿ ಎಲ್ಲಿ?' ಬಾಯಿ ಮುಚ್ಚಿಕೊಂಡು ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದ.

ಟೀಚರಮ್ಮ ಎದ್ದು ನಿಂತರು. ಪರದೆಯನ್ನು ನೋಡಿದರು, ಟೇಲರ್‌ನನ್ನು ನೋಡಿದರು, ತಾವು ಕೂತಿದ್ದ ಚೀಲವನ್ನು ನೋಡಿದರು. ಸಭೆಗೆ ಕೈಮುಗಿದರು. "ಎಲ್ಲ ದೇವರ ದಯೆ" ಎಂದು ಕೂತರು.

ಜನ ಕರಗಿದ ಮೇಲೆ ಅವರು ಅವನನ್ನು ಬಳಿಗೆ ಕರೆದರು. "ಚೀಲದ ಬಾಯಿ ಚೆನ್ನಾಗಿ ಹೊಲಿದಿದೀಯ. ಆದರೂ ಒಂದು ಎಳೆ ಹೊರಗೆ ಬಂದಿದೆ ನೋಡು. ಹಳದಿ ಉಣ್ಣೆ. ನಾನೇ ಆರಿಸಿ ತಂದದ್ದು."

"ಅಮ್ಮಾ, ಅದು..."

"ಆ ಮಕ್ಕಳ ಕಿವಿ ಚಳಿಗೆ ಒಡೀತಿದೆಯಂತೆ. ನನ್ನನ್ನ ಕಂಡು ಉರ್ಕೋ, ಬೇಡ ಅನ್ನಲ್ಲ. ಅದಕ್ಕೆ ಅವರ ಕಿವಿ ಯಾಕೋ ಸುಡ್ತೀಯ?"

ಟೇಲರ್ ತಲೆ ತಗ್ಗಿಸಿದ. "ನಾಳೆನೇ ಪಾರ್ಸಲ್ ಮಾಡ್ತೀನಮ್ಮಾ. ಕೇಳಿದ್ರೆ ಜನಕ್ಕೆ ಏನು ಹೇಳ್ತೀರಿ?"

"ನಾನ್ಯಾಕೆ ಹೇಳ್ಲಿ? ಮುಂದಿನ ವರ್ಷಕ್ಕೆ ಅದೇ ಡಿಸೈನ್ ಬೇಕು ಅಂತ ಫಾದರ್ ಈಗಷ್ಟೇ ಕೇಳಿದ್ರು. ಒಪ್ಕೊಂಡಿದೀನಿ. ನನಗೆ ಹೊಲಿಯೋಕೆ ಬರಲ್ಲ ಅನ್ನೋದು ನಿನಗೇ ಗೊತ್ತು."

ಸೋಮವಾರ ಉಣ್ಣೆ ಟೊಪ್ಪಿಗಳು ಪಾರ್ಸಲ್‌ನಲ್ಲಿ ಹೊರಟವು. ಬುಧವಾರ, ಬೋರ್ಡು ಖಾಲಿ ಇರಬಾರದೆಂದು ಸಿಸ್ಟರ್ ಫೋನಿನಲ್ಲಿ ಕಳಿಸಿದ ಫೋಟೋವನ್ನು ಪಾದ್ರಿಗಳು ನೋಟಿಸ್ ಬೋರ್ಡಿಗೆ ಅಂಟಿಸಿದರು. ಅದರಲ್ಲಿ ಟೇಲರ್ ಹೊಲಿದ ಕೆಂಪು ಚಡ್ಡಿಗಳು ಒಂದೂ ಬಿಡದಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. ಕೆಳಗೆ ದಪ್ಪಕ್ಷರದಲ್ಲಿ ಟೀಚರಮ್ಮನ ಹೆಸರಿತ್ತು.